ಗಾಲ್ಫ್ ಅರ್ಜಿಯ ಮೂರನೇ ಅಂಕ

ಮೈದಾನದ ಕಚೇರಿ, ಕಿಟಕಿ ಪಕ್ಕದ ಮೇಜು
ತಾರೀಖು ಹನ್ನೊಂದು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಹೊಸ ಕೃತಕ ಕಾಲು ಈಗಲಾದರೂ ಹೇಳಿದ ಮಾತು ಕೇಳುತ್ತಿದೆಯೇ? ಪಟ್ಟಿ ಉಜ್ಜಿ ಮಂಡಿಯ ಕೆಳಗೆ ಗಾಯವಾಗಿದೆ ಎಂದು ತಂಗಿ ಫೋನಿನಲ್ಲಿ ಹೇಳಿದಳು. ನೀನು ಹೇಳಲಿಲ್ಲ. ನೀನು ಯಾವತ್ತು ಹೇಳಿದ್ದೀಯ? ಹುಲ್ಲು ಕತ್ತರಿಸುವ ಯಂತ್ರ ಇಳಿಜಾರಿನಲ್ಲಿ ಮಗುಚಿ ಕಾಲಿನ ಮೇಲೆ ಬಿದ್ದ ದಿನವೂ ನಿನ್ನ ಬಾಯಿಂದ ಬಂದ ಮೊದಲ ಮಾತು "ಎಣ್ಣೆ ಚೆಲ್ತಾ ಇದೆ, ಹುಲ್ಲು ಸುಟ್ಟುಹೋಗುತ್ತೆ, ನೋಡೋ" ಎಂದಲ್ಲವೇ! ಮುಲಾಮು ತಪ್ಪದೆ ಹಚ್ಚು. ಡಾಕ್ಟರು ಹೇಳಿದಷ್ಟೇ ನಡೆ. ತಂಗಿಯ ಅಡುಗೆಗೆ ಹೆಸರಿಡಬೇಡ, ಅವಳು ಎರಡು ವರ್ಷದಿಂದ ನಿನ್ನನ್ನು ಸಹಿಸಿಕೊಂಡಿದ್ದಾಳೆ. ನಾನು ಗಟ್ಟಿಯಾಗಿದ್ದೇನೆ. ಗಂಟಲು ಮಾತ್ರ ಬಿದ್ದುಹೋಗಿದೆ. ಅದಕ್ಕೆ ಕಾರಣ ಶೀತವಲ್ಲ, ಅನುದಾನದ ಅರ್ಜಿ.

ಅಪ್ಪನ ನಾಟಕ ಕಂಪನಿಯಲ್ಲಿ ಹದಿನೆಂಟು ವರ್ಷ ಬಣ್ಣ ಹಚ್ಚಿದವನು ನಾನು. ಪರದೆ ಅರ್ಧಕ್ಕೆ ಸಿಕ್ಕಿಹಾಕಿಕೊಂಡಾಗ, ಎದುರು ನಿಂತ ರಾಜ ಕುಡಿದು ಬಂದು ಮಾತೆಲ್ಲ ಮರೆತಾಗ ಹೆದರದವನು. ಅಂಥ ನಾನು ಈ ಹದಿನಾಲ್ಕು ಪುಟದ ನಮೂನೆಯ ಮುಂದೆ ಬೆವರಿ ತೊಪ್ಪೆಯಾಗಿದ್ದೇನೆ. ನಿನಗೆ ಹೇಳದೆ ಮುಚ್ಚಿಟ್ಟಿದ್ದೆ, ಇನ್ನು ಹೇಳಲೇಬೇಕು. ನಿನ್ನ ಭಾನುವಾರದ ತರಗತಿ ಅರೆಜೀವವಾಗಿದೆ. ಕೈಯಲ್ಲಿ ಕಾಸಿಲ್ಲದವರು, ಕೈಕಾಲು ಹಿಡಿತಕ್ಕೆ ಸಿಗದವರು, ಯಾರೇ ಬಂದರೂ ಗಾಲ್ಫ್ ಕೋಲು ಕೊಟ್ಟು ನಿಲ್ಲಿಸುತ್ತಿದ್ದೆಯಲ್ಲ, ಅದೇ ತರಗತಿ. ಗಾಲ್ಫ್ ಮೈದಾನದ ಆಡಳಿತ ಮಂಡಳಿಯವರು ತಮ್ಮ ಈ ಬಡ ಗುಮಾಸ್ತನನ್ನು ಕರೆಸಿ, ತಿಂಗಳ ಕೊನೆಯೊಳಗೆ ಹೊರಗಿನಿಂದ ಅನುದಾನ ತಂದರೆ ಸರಿ, ಇಲ್ಲವಾದರೆ ತರಗತಿ ಬಂದ್, ಆ ಜಾಗ ಸದಸ್ಯರ ಕಾರು ನಿಲ್ಲಿಸಲು ಬೇಕು ಎಂದುಬಿಟ್ಟರು. ಕಾರು ನಿಲ್ಲಿಸಲು, ಅಕ್ಕಾ! ನೀನು ಕೈಯಾರೆ ಹುಲ್ಲು ಬೆಳೆಸಿದ ಜಾಗದಲ್ಲಿ!

ಗಾಲ್ಫ್ ಎಲ್ಲರ ಕೈಗೂ ಎಟುಕಲಿ ಎಂದು ಹಣ ಕೊಡುವ ಸಂಸ್ಥೆಯೊಂದಿದೆ. ಎಟುಕಲಿ ಎನ್ನುತ್ತಾರೆ, ಅವರ ನಮೂನೆ ಮಾತ್ರ ಯಾರ ಕೈಗೂ ಎಟುಕದಂತೆ ಇಟ್ಟಿದ್ದಾರೆ. ಯೋಜನೆಯ ಅಗತ್ಯವನ್ನು ಇನ್ನೂರು ಪದಗಳಲ್ಲಿ ವಿವರಿಸಿ ಎಂದಿತ್ತು. ಇನ್ನೂರು ಪದದಲ್ಲಿ ನಮ್ಮಪ್ಪ ನಾಂದಿಯನ್ನೂ ಮುಗಿಸುತ್ತಿರಲಿಲ್ಲ. ನಾನು ಸೂರ್ಯೋದಯದಿಂದ ಆರಂಭಿಸಿ, ಇಬ್ಬನಿಯ ಮೇಲೆ ಒಂಟಿಯಾಗಿ ಕುಳಿತ ಬಿಳಿ ಚೆಂಡಿನ ಅಳಲನ್ನು ಅದರ ಬಾಯಲ್ಲೇ ಹೇಳಿಸಿ, ಒಂಬತ್ತು ಹಾಳೆ ಬರೆದೆ. ಪದಮಿತಿ ಮೀರಿದೆ ಎಂಬ ಒಂದೇ ಸಾಲಿನೊಂದಿಗೆ ಹಿಂದಿರುಗಿ ಬಂತು. ಚೆಂಡಿನ ಬಗ್ಗೆ ಒಂದು ಒಳ್ಳೆ ಮಾತಾದರೂ ಬೇಡವೇ? ಎರಡನೇ ಸಲ ಕರುಳು ಕಿತ್ತಂತೆ ಕತ್ತರಿಸಿ ಕಳಿಸಿದೆ. ಗಾಲಿಕುರ್ಚಿಯ ದಾರಿಯ ಇಳಿಜಾರು ಎಷ್ಟೆಂದು ತಿಳಿಸಿಲ್ಲ, ಕಡಿಮೆ ಶುಲ್ಕ ಎಂದರೆ ಯಾರಿಗೆ ಕಡಿಮೆ ಎಂದೂ ತಿಳಿಸಿಲ್ಲ ಎಂದು ಮತ್ತೆ ವಾಪಸು. ಇಳಿಜಾರನ್ನು ಬಡಗಿಯ ಮಟ್ಟಗೋಲು ತಂದು, ಮಣ್ಣಿನ ಮೇಲೆ ಹೊಟ್ಟೆ ಊರಿ ಮಲಗಿ ಅಳೆದೆ. ಸದಸ್ಯರು ನನ್ನನ್ನು ದಾಟಿಕೊಂಡು ಹೋದರು, ಒಬ್ಬರೂ ಏಳಿಸಲಿಲ್ಲ. ಶುಲ್ಕದ ಪ್ರಶ್ನೆಗೆ ಸಿಟ್ಟು ನೆತ್ತಿಗೇರಿ, ಗೇಟಿನ ಹಲಗೆಯಲ್ಲಿ ದರ ಓದಿ ಏನೂ ಕೇಳದೆ ಹಿಂದಕ್ಕೆ ಹೋಗುವವರಿಗೆ ಎಂದು ಗೀಚಿ ಕಳಿಸಿದೆ. ಏನು ವಿಚಿತ್ರ ನೋಡು, ಒಂಬತ್ತು ಹಾಳೆಗೆ ಕರಗದವರು ಆ ಒಂದು ಸಾಲಿಗೆ ಕರಗಿದರು. ತರಗತಿಯನ್ನು ಕಣ್ಣಾರೆ ನೋಡಲು ಭಾನುವಾರ ಅಧಿಕಾರಿಯೊಬ್ಬರು ಬರುತ್ತಾರೆಂದು ಕಾಗದ ಬಂತು.

ನೋಡಲು ಏನಿದೆ? ನೀನು ಹೋದ ಮೇಲೆ ಉಳಿದವರು ಮೂರೇ ಜನ. ಒಂದು ಕಾಲು ಗಿಡ್ಡವಾಗಿರುವ ಹೊಲಿಗೆಯಾಕೆ, ಕಣ್ಣು ಹೋದ ಬಸ್ ಕಂಡಕ್ಟರು, ಎಡಗೈ ಮೇಲೇಳದ ಗಡಿಯಾರ ರಿಪೇರಿಯವರು. ಬರುತ್ತಾರೆ, ಚೆಂಡಿನ ಬುಟ್ಟಿ ಖಾಲಿಯಾಗುವವರೆಗೆ ಹೊಡೆಯುತ್ತಾರೆ, ಹೋಗುತ್ತಾರೆ. ಹೊಸಬರ ಮುಂದೆ ಮೂವರಿಗೂ ಬಾಯಿಯೇ ಬರುವುದಿಲ್ಲ. ಮೂರು ಜನ ಪ್ರೇಕ್ಷಕರಿಗೆ ಯಾವ ಕಂಪನಿ ಪರದೆ ಎತ್ತುತ್ತದೆ, ನೀನೇ ಹೇಳು. ಮೈದಾನ ತುಂಬಿ ಕಾಣಬೇಕು ಎಂದು ಅಪ್ಪನ ರಕ್ತ ನನ್ನೊಳಗೆ ಕುದಿಯಿತು. ನಮ್ಮ ಕಂಪನಿಯಲ್ಲಿ ಅಳಿದುಳಿದ ಹದಿನೇಳು ಜನಕ್ಕೂ ಫೋನು ಮಾಡಿ, ತರಗತಿಯವರ ಪಾರ್ಟು ಮಾಡಲು ಬನ್ನಿ ಎಂದೆ.

ಬೈಯಬೇಡ, ಪೂರ್ತಿ ಓದು. ಎಲ್ಲರೂ ಬಂದರು. ಮೂವತ್ತು ವರ್ಷ ರಾಕ್ಷಸನ ಪಾರ್ಟು ಮಾಡಿದ ನಮ್ಮ ಗದೆ ಮಾವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿದೆ. ಮೊದಲೇ ತರಗತಿಯ ಆ ಮೂವರಿಗೂ ವಿಷಯ ಹೇಳಿ, ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿರಿ ಎಂದಿದ್ದೆ. ಅವರು ಕೂತರು. ಅಧಿಕಾರಿ ಬಂದರು. ಸಣ್ಣ ದನಿಯ, ದೊಡ್ಡ ಕನ್ನಡಕದ ಹೆಂಗಸು. ಗದೆ ಮಾವ ಕೂತಲ್ಲಿಂದಲೇ ಕೋಲು ಬೀಸಿದ. ಅದೇನು ಬೀಸು! ಚೆಂಡು ಬೇಲಿಯ ತನಕ ಹೋಯಿತು. ಆ ಹೆಂಗಸು ಮನಸಾರೆ ಚಪ್ಪಾಳೆ ತಟ್ಟಿದರು. ಇಲ್ಲಿಗೆ ನಿಂತಿದ್ದರೆ ಇವತ್ತು ನಾನು ಬೇರೆಯೇ ಕಾಗದ ಬರೆಯುತ್ತಿದ್ದೆ. ಆದರೆ ನಮ್ಮ ಹಾರ್ಮೋನಿಯಂ ಅಜ್ಜ ಅಭ್ಯಾಸಬಲದಿಂದ "ಒನ್ಸ್ ಮೋರ್" ಎಂದು ಕೂಗಿದರು. ಆ ಶಬ್ದ ಕಿವಿಗೆ ಬಿದ್ದದ್ದೇ ತಡ, ಗದೆ ಮಾವ ಕುರ್ಚಿಯಿಂದ ಚಂಗನೆ ಎದ್ದ, ನಾಲ್ಕು ಹೆಜ್ಜೆ ಮುಂದೆ ಬಂದ, ಎದೆಯ ಮೇಲೆ ಕೈಯಿಟ್ಟು ಮೂರು ದಿಕ್ಕಿಗೂ ಬಾಗಿ ನಮಸ್ಕರಿಸಿದ!

ಮುದಿಗೂಬೆ ಇನ್ನೂ ಬಾಗಿಯೇ ಇದ್ದ. ನಾನು ಅವನ ಮೇಲೆ ಹಲ್ಲು ಕಡಿಯುತ್ತಿದ್ದೆ. ಆಗ ಹಿಂದಿನ ಬೆಂಚಿನಿಂದ ಹೊಲಿಗೆಯಾಕೆ ಎದ್ದು ಬಂದಳು. ಆಕೆ ಕೂಗಾಡಲಿಲ್ಲ, ನನ್ನ ಮುಖವನ್ನೇ ನೋಡುತ್ತಾ ಕೇಳಿದಳು.

"ನಾವಿದ್ವಲ್ಲ ಸಾರ್. ನಮ್ಮ ಪಾರ್ಟು ಮಾಡೋಕೆ ಬೇರೆಯವರು ಯಾಕೆ ಬೇಕಾಯ್ತು?"

ಅಕ್ಕಾ, ನನ್ನ ಉತ್ತರಕ್ಕೂ ಕಾಯಲಿಲ್ಲ. ಆಕೆ ಗದೆ ಮಾವನ ಕೈಯಿಂದ ಕೋಲು ತೆಗೆದುಕೊಂಡು ನೇರ ಚೆಂಡಿನ ಮುಂದೆ ನಿಂತಳು. ಗಿಡ್ಡ ಕಾಲಿನ ಅಡಿಗೆ ನೀನು ಇಡಿಸುತ್ತಿದ್ದ ಮರದ ಹಲಗೆಯನ್ನು ತಾನೇ ಎಳೆದುಕೊಂಡಳು. ಮೊದಲ ಏಟು ಗಾಳಿಗೆ ಹೋಯಿತು. ಎರಡನೆಯದಕ್ಕೆ ಹುಲ್ಲಿನ ಹೆಂಟೆ ಎದ್ದಿತು. ಮೂರನೆಯದು ಒಂದು ಮೂವತ್ತು ಹೆಜ್ಜೆ ದೂರ ಉರುಳಿತಷ್ಟೇ, ಯಾರೂ ಒನ್ಸ್ ಮೋರ್ ಅನ್ನಲಿಲ್ಲ. ಆ ಕನ್ನಡಕದ ಹೆಂಗಸು ಮಾತ್ರ ಅಲ್ಲೇ ಹುಲ್ಲಿನ ಮೇಲೆ ಕುಳಿತು ಕಂಡಕ್ಟರನ್ನೂ ಗಡಿಯಾರದವರನ್ನೂ ಕರೆದು ಮುಕ್ಕಾಲು ಗಂಟೆ ಮಾತಾಡಿಸಿದರು. ಬಾಯಿ ಬರುವುದಿಲ್ಲ ಎಂದೆನಲ್ಲ, ಕಂಡಕ್ಟರಂತೂ ಬಾಯಿ ಮುಚ್ಚಲಿಲ್ಲ! ಚೆಂಡು ಸರಿಯಾಗಿ ತಗುಲಿತೋ ಇಲ್ಲವೋ ಎಂದು ಸದ್ದಿನಲ್ಲೇ ಗುರುತಿಸುವುದನ್ನು ಟೀಚರು ಹೇಗೆ ಕಲಿಸಿದರು ಎಂದು ಅಭಿನಯಿಸಿ ಬೇರೆ ತೋರಿಸಿದರು.

ಕೊನೆಗೆ ಅಧಿಕಾರಿ ನನ್ನತ್ತ ತಿರುಗಿದರು. ಅರ್ಜಿಯನ್ನು ಅಲ್ಲೇ ಹರಿದು ಹಾಕುತ್ತಾರೆಂದು ನಾನು ತಲೆ ತಗ್ಗಿಸಿ ನಿಂತಿದ್ದೆ. "ಮೂರು ಜನ ಇದ್ರೆ ಮೂರು ಅಂತಾನೇ ಬರೀರಿ. ಅದನ್ನ ನಾನು ಮೇಲಿನವರಿಗೆ ಹೇಳಬಲ್ಲೆ. ಆದರೆ ಕಲಿಸೋರು ಯಾರು? ಅವರಿಲ್ಲದೆ ಕೊಡೋಕೆ ಬರಲ್ಲ" ಎಂದರು. ಇಪ್ಪತ್ತಮೂರರ ಭಾನುವಾರ ಮತ್ತೆ ಬರುತ್ತಾರಂತೆ. ನನ್ನ ನಾಟಕದ ಜನ ಗೇಟಿನಾಚೆ ಇರಬೇಕಂತೆ. ಗದೆ ಮಾವ ನನ್ನ ಜೊತೆ ಮಾತು ಬಿಟ್ಟಿದ್ದಾನೆ, ತನ್ನ ಪಾರ್ಟು ಅರ್ಧಕ್ಕೆ ನಿಂತಿತಂತೆ! ಈ ಜನರನ್ನು ಕಟ್ಟಿಕೊಂಡು ನಾನು ಏನು ಮಾಡಲಿ?

ಸರಿ, ಟಪಾಲಿನವನು ಬರುವ ಹೊತ್ತಾಯಿತು. ತಂಗಿಗೂ ಅವಳ ಯಜಮಾನರಿಗೂ ನನ್ನ ನಮಸ್ಕಾರ ತಿಳಿಸು. ದೊಡ್ಡವಳಾದ ನೀನು ನನ್ನನ್ನು ಬೈದುಕೊಂಡಾದರೂ ಹರಸು.

ನಿನ್ನ ಗಂಟಲುಗೆಟ್ಟ ತಮ್ಮ

ಮರೆತ ಮಾತು: ಅಧಿಕಾರಿ ತಿದ್ದಲು ಕೊಟ್ಟುಹೋದ ಅರ್ಜಿಯನ್ನು ಈ ಕಾಗದದ ಜೊತೆಗೇ ಇಟ್ಟಿದ್ದೇನೆ. "ನನ್ನ ಆಟ ಮುಗೀತು, ಇನ್ನು ಆ ಮೈದಾನದ ಸುದ್ದಿ ಎತ್ತಬೇಡ" ಎಂದು ನೀನು ಹೇಳಿದ್ದೆ, ನಾನು ಎರಡು ವರ್ಷ ಎತ್ತಲಿಲ್ಲ. ಹನ್ನೊಂದನೇ ಪುಟದಲ್ಲಿ ಕಲಿಸುವವರ ಹೆಸರು ಎಂಬಲ್ಲಿ ಇಂದು ಬೆಳಿಗ್ಗೆ ನಿನ್ನ ಹೆಸರು ಬರೆದೆ. ಹೊಲಿಗೆಯಾಕೆ ಪಕ್ಕದಲ್ಲೇ ನಿಂತು ಬರೆಸಿದಳು, ನಾನು ಒಂದು ಪದವೂ ಹೆಚ್ಚು ಬರೆಯದಂತೆ ಕಾವಲು ಕಾದಳು. ಪಕ್ಕದಲ್ಲಿ ರುಜುವಿನ ಜಾಗ ಖಾಲಿ ಇದೆ. ಬರುವುದಾದರೆ ರುಜು ಹಾಕು. ಇಲ್ಲವಾದರೆ ಆ ಹೆಸರನ್ನು ನೀನೇ ಹೊಡೆದು ಕಳಿಸು, ಅದು ನನ್ನ ಕೈಲಾಗುವುದಿಲ್ಲ.