ಲಾಭವಿಲ್ಲದ ಮನೆ

ಬನ್ನಿಮಂಟಪ, ಮೈಸೂರು
12 ಜೂನ್ 2024, ಬುಧವಾರ

ಪ್ರೀತಿಯ ಯಜಮಾನರಿಗೆ,

ನಿಮ್ಮ ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರಾ, ಇಲ್ಲಾ ಅದರ ಮೇಲೂ ಅನುಮಾನವೇ? ನಂಜನಗೂಡಿನಲ್ಲಿ ನಿಮ್ಮ ಅಕ್ಕನ ಕೈಯಡುಗೆ ಉಂಡು ಚೆನ್ನಾಗಿಯೇ ಇರುತ್ತೀರಿ, ಬಿಡಿ. ಫೋನ್ ಮಾಡಿದರೆ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಇದನ್ನು ಓದದೆ ಇರಲು ನಿಮ್ಮಿಂದಾಗದು; ಬೋಂಡ ಕಟ್ಟಿಕೊಟ್ಟ ಪೇಪರನ್ನೂ ಬಿಡಿಸಿ ಓದುವವರು ನೀವು.

ನಮ್ಮ ಮನೆ ಮಾಲೀಕ ವೆಂಕಟಸುಬ್ಬಯ್ಯನವರು ಮತ್ತೆ ಬಂದಿದ್ದರು. ಈ ಮನೆ ಕೆಡವಿ ಅಂಗಡಿ ಕಟ್ಟಿಸುತ್ತಾರಂತೆ, ತಿಂಗಳ ಕೊನೆಗೆ ನಾವು ಖಾಲಿ ಮಾಡಲೇಬೇಕಂತೆ. ನಿಮಗೋ ಅವರ ಮೇಲೆ ಬಲು ನಂಬಿಕೆ. "ಆವಯ್ಯ ಲಾಭಕ್ಕೇ ಮಾಡ್ತೀನಿ ಅಂತ ಬಾಯ್ಬುಟ್ಟು ಹೇಳ್ತಾನೆ ಕಣೇ, ಮೋಸ ಇಲ್ಲ" ಅನ್ನುತ್ತೀರಿ. ಮೋಸವೇನೋ ಇಲ್ಲ, ಇರಲು ಮನೆಯೂ ಇಲ್ಲದಾಗುತ್ತದೆ, ಅಷ್ಟೆ.

ಕೆಸರೆಯಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿರುವ ಆ ಟ್ರಸ್ಟಿನ ಸಭೆಯಲ್ಲಿ ನೀವು ಮಾಡಿದ್ದನ್ನು ನೆನೆದರೆ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತೇನೆ, ಒಳಗೇ ನಗುವೂ ಬರುತ್ತದೆ. ಟ್ರಸ್ಟಿನ ಕಮಲ ಮೇಡಂ ಪಾಪ "ನಮ್ದು ಲಾಭ ಇಲ್ದಿರೋ ಸಂಸ್ಥೆ" ಎಂದದ್ದೇ ತಡ, ಎದ್ದು ನಿಂತಿರಿ. "ಲಾಭ ಇಲ್ದೇ ಇದ್ಮೇಲೆ ನಮ್ಮನ್ಯಾಕೆ ಕರುಸ್ಬುಟ್ರಿ ತಾಯಿ? ಲಾಭ ಬ್ಯಾಡ ಅಂತ ಮನೆ ಕೊಡೋರು ಒಂದೋ ದೇವ್ರಾಗಿರ್ಬೇಕು, ಇಲ್ಲಾ ಕಳ್ರಾಗಿರ್ಬೇಕು. ನೀವು ದೇವ್ರ ಥರ ಕಾಣಾಕಿಲ್ಲ!" ಆಮೇಲೆ ನಾನು ಆ ಮನೆಗೆ ಒಪ್ಪಿಕೊಂಡೆನೆಂದು ಮುನಿಸಿಕೊಂಡು ಬಸ್ಸು ಹತ್ತಿದಿರಿ.

ಮಾರನೆಯ ದಿನ ನಾನೊಬ್ಬಳೇ ಹೋಗಿ ಕೇಳಿಕೊಂಡು ಬಂದೆ. ಲಾಭವಿಲ್ಲ ಅಂದರೆ ಪ್ರಯೋಜನವಿಲ್ಲ ಅಂತಲ್ಲವಂತೆ, ರೀ. ನಾವು ಕೊಡುವ ಬಾಡಿಗೆ ಯಾರ ಜೇಬಿಗೂ ಇಳಿಯುವುದಿಲ್ಲವಂತೆ. ಸೋರುವ ನಲ್ಲಿಗೆ, ಬಿರುಕು ಬಿಟ್ಟ ಗೋಡೆಗೆ, ಉಳಿದರೆ ಮುಂದಿನ ಸಾಲಿನ ಮನೆ ಕಟ್ಟುವುದಕ್ಕೆ. ಖಾಲಿ ಮಾಡಿ ಅನ್ನಿಸಿಕೊಂಡವರು ಊರಿನಲ್ಲಿ ನಾವಿಬ್ಬರೇ ಅಲ್ಲವಲ್ಲ. ಅವರು ತೋರಿಸಿದ ಮನೆಯಲ್ಲಿ ಅಡುಗೆಮನೆಗೆ ಕಿಟಕಿಯೂ ಇದೆ. ಮದುವೆಯಾದಾಗಿನಿಂದ ಒಗ್ಗರಣೆ ಘಾಟು ಕುಡಿದವಳು ನಾನು, ಅದರ ಮುಂದೆ ನಿಂತು ಅತ್ತುಬಿಟ್ಟೆ. ಕಮಲ ಮೇಡಂ ಗಾಬರಿಯಾಗಿ, "ಯಾಕಮ್ಮಾ, ಕಿಟಕಿ ಸರಿಯಾಗಿ ಕೂತಿಲ್ವಾ?" ಎಂದರು.

ಇನ್ನೊಂದು ಮಾತು. ಯಾವ ಲಾಭವನ್ನೂ ಕಾಣದೆ ನಾನು ಇಷ್ಟು ವರ್ಷ ನಿಮ್ಮ ಜೊತೆ ಸಂಸಾರ ಮಾಡಲಿಲ್ಲವೇ? ನಾನೇನು ದೇವರೇ, ಕಳ್ಳಿಯೇ? ನೀವಿಲ್ಲದೆ ಬೇಜಾರಾಗಿದೆ, ಬೈಯಲಿಕ್ಕಾದರೂ ಒಂದು ಜನ ಬೇಡವೇ.

ಅಕ್ಕನಿಗೆ ನಮಸ್ಕಾರ ಹೇಳಿ. ಮುನಿಸು ಬಿಡದಿದ್ದರೂ ಸರಿ, ಮಾತ್ರೆ ಬಿಡಬೇಡಿ.

ನಿಮ್ಮ
ಚಲುವಮ್ಮ

ಮರೆತೇಬಿಟ್ಟಿದ್ದೆ: ಈ ಕಾಗದ ತರುವ ಪಕ್ಕದ ಮನೆ ಮಂಗಳಮ್ಮ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದಾಳೆ. ಭಾನುವಾರ ಹೊಸಮನೆಯಲ್ಲಿ ಹಾಲು ಉಕ್ಕಿಸುವುದು. ಗಂಡ ಹೆಂಡತಿ ಇಬ್ಬರೂ ಬಂದರೆ ಮಾತ್ರ ಬೀಗದ ಕೈ ಕೊಡುತ್ತಾರಂತೆ, ಇಲ್ಲದಿದ್ದರೆ ಮನೆ ಬೇರೆಯವರಿಗೆ. ನೀವು ಮುನಿಸಿಕೊಂಡು ಹೋದದ್ದನ್ನು ನಾನು ಅಲ್ಲಿ ಯಾರಿಗೂ ಹೇಳಿಲ್ಲ. ಗೃಹಪ್ರವೇಶಕ್ಕೆ ರಸಬಾಳೆ ತರಲು ನಂಜನಗೂಡಿಗೆ ಹೋಗಿದ್ದಾರೆ ಎಂದಿದ್ದೇನೆ. ಇಡೀ ಸಾಲುಮನೆಯವರು ಹಣ್ಣಿಗೆ ಕಾಯುತ್ತಿದ್ದಾರೆ. ಬರಿಗೈಯಲ್ಲಿ ಬಂದರೆ ಮಾನ ಹೋಗುತ್ತದೆ, ಬಾರದಿದ್ದರೆ ಮನೆ.