ಆ ದಿನ ಸಾರು ಮಾಡಿರಲಿಲ್ಲ, ಅತ್ತಮ್ಮ

ಅತ್ತಮ್ಮಾ,

ನೀವು ಬದುಕಿದ್ದಾಗ ನಿಮಗೊಂದು ಕಾಗದ ಬರೆದವಳಲ್ಲ ನಾನು. ನಿಮಗೆ ಕನ್ನಡ ಓದಲು ಬರುವುದಿಲ್ಲ ಎಂಬುದು ನನ್ನ ನೆಪ. ನಿಮ್ಮ ಮಗಳು ನಾಗವೇಣಿ ಊರಿನಲ್ಲಿ ನಿಮ್ಮ ಪಕ್ಕದ ಮನೆಯಲ್ಲೇ ಇದ್ದಳಲ್ಲ, ಓದಿ ಹೇಳುತ್ತಿರಲಿಲ್ಲವೇ? ನೀವು ಹೋಗಿ ಆರು ವರ್ಷವಾದ ಮೇಲೆ ಈಗ ಬರೆಯಲು ಕೂತಿದ್ದೇನೆ.

ಕೋಲಾರದ ಆಸ್ಪತ್ರೆಯಿಂದ ನನ್ನನ್ನು ಮಾಲೂರಿನ ಬಾಡಿಗೆ ಮನೆಗೆ ತಂದ ದಿನ ಕಣ್ಣಿಗೆ ಕಟ್ಟಿದಂತಿದೆ. ಮೊಪೆಡ್ಡಿನಲ್ಲಿ ಸ್ಕೂಲಿಗೆ ಪಾಠ ಮಾಡಲು ಹೊರಟವಳಿಗೆ ಇಟ್ಟಿಗೆ ತುಂಬಿದ ಟ್ರ್ಯಾಕ್ಟರ್ ಬಡಿದು, ಸೊಂಟದ ಮೂಳೆ, ಬಲತೊಡೆ ಎರಡೂ ಮುರಿದಿದ್ದವು. ಇನ್ನು ಮೂರು ತಿಂಗಳು ಮಂಚ ಬಿಟ್ಟು ಇಳಿಯಬಾರದು ಎಂದಿದ್ದರು ಡಾಕ್ಟರು. ಮುಳಬಾಗಿಲಿನಲ್ಲಿದ್ದ ನನ್ನಮ್ಮ ಲಕ್ವ ಹೊಡೆದ ಅಪ್ಪನನ್ನು ಬಿಟ್ಟು ಬರುವಂತಿರಲಿಲ್ಲ. ನಿಮ್ಮ ಮಗ ಬೆಳಗಿನ ರೈಲಿಗೆ ಬೆಂಗಳೂರಿನ ಫ್ಯಾಕ್ಟರಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ನನ್ನನ್ನು ನೋಡಿಕೊಳ್ಳುವವರು ಯಾರು ಎಂದು ನಾವಿಬ್ಬರೂ ಮುಖ ಮುಖ ನೋಡಿಕೊಳ್ಳುತ್ತಿರುವಾಗ ನೀವು ಬಾಗಿಲಲ್ಲಿ ನಿಂತಿದ್ದಿರಿ. ಮಾವಿನ ಕಾಯಿ ಕೀಳುವ ಕಾಲದಲ್ಲಿ ತೋಟ ಬಿಟ್ಟು, ನಿಮ್ಮೂರು ರಾಯಲ್ಪಾಡಿನಿಂದ ಬಸ್ಸು ಬದಲಾಯಿಸಿಕೊಂಡು ಬಂದಿದ್ದಿರಿ. ಕೈಯಲ್ಲಿ ರಾಗಿಹಿಟ್ಟಿನ ಡಬ್ಬ. ನಾನು ಕರೆದಿರಲಿಲ್ಲ.

ಯಾವ ಮುಖವಿಟ್ಟುಕೊಂಡು ಕರೆಯುವುದು? ಮದುವೆಯಾದ ವರ್ಷ ನಮ್ಮ ಸ್ಕೂಲಿನ ಟೀಚರುಗಳು ಮನೆಗೆ ಬಂದಾಗ ನೀವು ಅರ್ಧ ತೆಲುಗಿನಲ್ಲಿ ಅವರನ್ನು ಮಾತಾಡಿಸಿದ್ದಿರಿ. ಅವರೆದುರೇ ನಾನು ನಿಮ್ಮ ಕನ್ನಡ ತಿದ್ದಿ ನಕ್ಕಿದ್ದೆ. ಆಮೇಲಿನ ಮೂರು ವರ್ಷದಲ್ಲಿ ನೀವು ನಮ್ಮ ಮನೆಗೆ ಬಂದದ್ದು ಎರಡೇ ಸಲ.

ಮೊದಲ ದಿನ ಬೆಡ್‌ಪ್ಯಾನ್ ಇಡಲು ಬಂದಾಗ ನಾನು ಗೋಡೆಗೆ ಮುಖ ತಿರುಗಿಸಿ ಅತ್ತುಬಿಟ್ಟೆ. "ಸಿಗ್ಗೆಂದುಕಮ್ಮಾ? ನಾಚ್ಕೊಳ್ಳೋಕೆ ನಾನೇನು ಹೊರಗಿನವಳಾ?" ಎಂದು ಸೀರೆಯ ಸೆರಗಿನಿಂದಲೇ ನನ್ನ ಕಣ್ಣೊರೆಸಿದಿರಿ. ಬೆನ್ನು ಹುಣ್ಣಾಗದಿರಲಿ ಎಂದು ದಿನಕ್ಕೆ ನಾಲ್ಕು ಸಲ ನನ್ನನ್ನು ಒಬ್ಬರೇ ಹೊರಳಿಸುತ್ತಿದ್ದಿರಿ. ಅದಕ್ಕೆ ಪ್ರತಿಯಾಗಿ ನಾನು ಕೊಟ್ಟದ್ದೇನು? ಒಂದು ಮಧ್ಯಾಹ್ನ ನೀವು ತಂದ ಕಾಲುಸೂಪಿನ ಲೋಟವನ್ನು ತಳ್ಳಿದೆ. "ನನಗೋಸ್ಕರ ಬಂದಿದೀರಾ ನೀವು? ಮಗನ ಮನೇಲಿ ಜಾಗ ಹಿಡಿಯೋಕೆ ಬಂದಿದೀರ" ಎಂದೆ. ನೀವು ನೆಲ ಒರೆಸಿದಿರಿ. "ಉಪ್ಪು ಜಾಸ್ತಿ ಆಗಿರ್ಬೇಕು ಬಿಡಮ್ಮಾ" ಎಂದು ಒಳಗೆ ಹೋದಿರಿ. ಅದಕ್ಕಾದರೂ ಕ್ಷಮೆ ಕೇಳಬಹುದಿತ್ತು. ಕೇಳಲಿಲ್ಲ. ಆದರೆ ಈ ಕಾಗದ ಬರೆಯುತ್ತಿರುವುದು ಅದಕ್ಕಲ್ಲ.

ಒಂದು ಬೆಳಗ್ಗೆ ನೀವು ಬಗ್ಗಿ ನನ್ನ ಹಾಸಿಗೆಯ ಬಟ್ಟೆ ಬದಲಾಯಿಸುತ್ತಿದ್ದಿರಿ. ಸೆರಗು ಜಾರಿತು. ಎಡಗಡೆ ಎದೆಯ ಮೇಲೆ ರವಿಕೆ ಒದ್ದೆಯಾಗಿ, ಹಳದಿ ಕೆಂಪು ಬೆರೆತ ಕಲೆ ಅಂಗೈಯಗಲ ಹರಡಿತ್ತು.

"ಏನದು ಅತ್ತಮ್ಮ?"

"ಸಾರು ಚೆಲ್ಕೊಂಡೆ" ಎಂದು ಸೆರಗು ಎಳೆದುಕೊಂಡಿರಿ.

ಆ ದಿನ ಮನೆಯಲ್ಲಿ ಸಾರು ಮಾಡಿರಲಿಲ್ಲ. ಇಬ್ಬರೂ ಕುಡಿದದ್ದು ರಾಗಿ ಗಂಜಿ. ಅದು ನಿಮಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು "ಹೌದಾ" ಎಂದು ಸುಮ್ಮನಾದೆ. ಓದಿದವಳು, ಹೆಂಗಸು, ಆ ಕಲೆ ಎಂಥದ್ದೆಂದು ಊಹಿಸಲಾರದವಳೇ? ಆ ಕ್ಷಣ ನನ್ನ ತಲೆಯಲ್ಲಿ ಬಂದದ್ದು ಒಂದೇ ಯೋಚನೆ. ಇವರು ಆಸ್ಪತ್ರೆ ಸೇರಿದರೆ ನನ್ನನ್ನು ಎತ್ತುವವರು ಯಾರು? ಇನ್ನೊಂದು ತಿಂಗಳು, ನಾನು ನಿಲ್ಲುವವರೆಗೆ ಮಾತ್ರ, ಆಮೇಲೆ ಕೇಳಿದರಾಯಿತು ಎಂದು...

ವಾಕರ್ ಹಿಡಿದು ಮಂಚದಿಂದ ಬಾಗಿಲವರೆಗೆ ನಡೆದ ದಿನ ನೀವು ಅಕ್ಕಪಕ್ಕದ ಮನೆಗೆಲ್ಲ ಸಕ್ಕರೆ ಹಂಚಿದಿರಿ. ವಾರ ಕಳೆಯುವಷ್ಟರಲ್ಲಿ "ತೋಟ ನೋಡ್ಕೊಂಡ್ ಬರ್ತೀನಮ್ಮಾ" ಎಂದು ಊರಿಗೆ ಹೊರಟಿರಿ. ಆಗಲಾದರೂ ಬಾಯಿ ಬಿಡಬಹುದಿತ್ತು. ಬಸ್‌ಸ್ಟ್ಯಾಂಡಿಗೆ ಹೋಗಲು ಆಟೋ ಬಂತು, ನೀವು ಹತ್ತಿದಿರಿ, ನಾನು ಕೈ ಬೀಸಿದೆ.

ಹದಿನೈದು ದಿನವಾದ ಮೇಲೆ ಎಸ್‌ಟಿಡಿ ಬೂತಿನವರು ಬಂದು ನಾಗವೇಣಿಯ ಫೋನೆಂದು ಕರೆದರು. ಎದೆಯ ಗಡ್ಡೆ ಒಡೆದಿದೆ, ಶ್ವಾಸಕೋಶಕ್ಕೆ ಹರಡಿದೆ, ಆಪರೇಷನ್ ಮಾಡುವ ಕಾಲ ಮೀರಿದೆ ಎಂದು ಡಾಕ್ಟರು ಹೇಳಿದರಂತೆ. ಸಂಕ್ರಾಂತಿಗೆ ನೀವಿರಲಿಲ್ಲ. ಮಣ್ಣು ಮಾಡಿ ಬಂದ ಸಂಜೆ ನಾಗವೇಣಿ ನನ್ನ ಕೈ ಹಿಡಿದು ಕೇಳಿದಳು, "ನಾಲ್ಕು ತಿಂಗಳು ಅಮ್ಮ ನಿನ್ ಜೊತೇಲೇ ಇದ್ಲಲ್ಲ ಅತ್ತಿಗೆ, ಏನೂ ಕಾಣಿಸಲಿಲ್ವಾ ನಿನಗೆ?" ಊರುಗೋಲು ಹಿಡಿದು ನಿಂತಿದ್ದ ನಾನು "ಇಲ್ಲ" ಎಂದೆ. ಅವಳು ನಂಬಿದಳು. ನನ್ನನ್ನೇ ಸಮಾಧಾನ ಮಾಡಿದಳು.

ಮೊನ್ನೆ ನಾಗವೇಣಿ ಮಗಳ ಮದುವೆಯ ಲಗ್ನಪತ್ರಿಕೆ ಹಿಡಿದು ಬಂದಿದ್ದಳು. ಹೌದು, ನಿಮ್ಮ ಮೊಮ್ಮಗಳಿಗೆ ಗಂಡು ಗೊತ್ತಾಗಿದೆ, ಮುಳಬಾಗಿಲು ಕಡೆಯ ಹುಡುಗ. "ಅಮ್ಮ ನಿಲ್ಬೇಕಾಗಿದ್ದ ಜಾಗದಲ್ಲಿ ನೀನೇ ನಿಲ್ಬೇಕು ಅತ್ತಿಗೆ" ಎಂದಳು. ಅವಳು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. ಕಲೆ ಕಂಡದ್ದು, ಸುಮ್ಮನಿದ್ದದ್ದು, ಎಲ್ಲವನ್ನೂ ನಿಮ್ಮ ಮಗನಿಗೆ ಹೇಳಿದೆ.

ಅವರು ಲಗ್ನಪತ್ರಿಕೆಯನ್ನು ಮಡಚಿ ಪಕ್ಕಕ್ಕಿಟ್ಟರು. ಆಮೇಲೆ, "ನಂಗೆ ಮುಂಚೇನೇ ಗೊತ್ತಿತ್ತು ಕಣೇ" ಎಂದರು. "ಇಲ್ಲಿಗೆ ಬರೋಕ್ ಮುಂಚೇನೇ ಶ್ರೀನಿವಾಸಪುರದಲ್ಲಿ ಡಾಕ್ಟ್ರು ಆಪರೇಷನ್ ಆಗ್ಬೇಕು ಅಂದಿದ್ರಂತೆ. ಅಮ್ಮ ನಂಗೊಬ್ಬನಿಗೇ ಹೇಳಿದ್ಲು. ಹುಡುಗಿ ಎದ್ದು ನಿಲ್ಲಲಿ, ಆಮೇಲ್ ನೋಡೋಣ, ಅವಳಿಗೆ ಹೇಳ್ಬೇಡ ಅಂದ್ಲು. ನಾನು ಹೂಂ ಅಂದೆ."

ಸಿಟ್ಟು ನೆತ್ತಿಗೇರಿತು. "ಗೊತ್ತಿದ್ದೂ ನೀವು ಹೇಗೆ..." ಎಂದು ಅವರ ಮೇಲೆ ಬಾಯಿ ತೆರೆದೆ. ಮುಂದಿನ ಮಾತು ನನಗೇ ತಗಲುವಂಥದ್ದು, ನುಂಗಿಕೊಂಡೆ. ಆರು ವರ್ಷ ಒಂದೇ ಮನೆಯಲ್ಲಿ, ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡು ಬದುಕಿದ್ದೆವು ನಾವು. ನಿಮ್ಮನ್ನೂ ಕೇಳಬೇಕೆನಿಸುತ್ತದೆ ಅತ್ತಮ್ಮ. ನನ್ನ ಕಾಲು ಅಷ್ಟು ದೊಡ್ಡದಾಗಿತ್ತೇ ನಿಮಗೆ?

ಬರುವ ಭಾನುವಾರ ಬೆಳಗಿನ ಬಸ್ಸಿಗೆ ನಾವಿಬ್ಬರೂ ರಾಯಲ್ಪಾಡಿಗೆ ಹೋಗುತ್ತಿದ್ದೇವೆ. ಮದುವೆಗೆ ಮುಂಚೆಯೇ ನಾಗವೇಣಿಗೆ ಹೇಳಿಬಿಡಬೇಕು. ನಿಮ್ಮ ಜಾಗದಲ್ಲಿ ನಿಲ್ಲಬೇಡ ಎನ್ನಬಹುದು, ಮನೆಗೇ ಸೇರಿಸದಿರಬಹುದು. ಆದರೂ ಹೇಳದೆ ಹಿಂದಿರುಗುವುದಿಲ್ಲ, ಮಾತು ಕೊಡುತ್ತೇನೆ. ತಾನೇ ಮೊದಲು ಹೇಳುತ್ತೇನೆ ಎನ್ನುತ್ತಾರೆ ನಿಮ್ಮ ಮಗ. ಬೇಡ ಎಂದಿದ್ದೇನೆ. ಅವಳು ಆವತ್ತು ಕೈ ಹಿಡಿದು ಕೇಳಿದ್ದು ನನ್ನನ್ನು.

ನಿಮ್ಮ ಸೊಸೆ,
ಶಾರದ