ಓರಿನ್ ನಿಂತುಬಿಡುವ ಆ ಕ್ಷಣ

ಸಾಲ್ಟ್ ಲೇಕ್ ಸಿಟಿ
೧೮ ಜುಲೈ ೧೯೯೬, ಗುರುವಾರ ಬೆಳಿಗ್ಗೆ

ನನ್ನ ಮೇಲಿನ ಸಿಟ್ಟು ಇನ್ನೂ ಆರದ ನಡೀನ್‌ಗೆ,

ಲಕೋಟೆಯ ಮೇಲಿನ ಅಕ್ಷರ ನೋಡಿ ಇದನ್ನು ಫ್ರಿಜ್ಜಿನ ಮೇಲೆ ಎಸೆದುಬಿಡಬೇಡ. ನಿನ್ನೆ ಫೋನ್ ಮಾಡಿದ್ದೆ. ನನ್ನ ದನಿ ಕೇಳಿದ ಕೂಡಲೇ ನೀನು ಇಟ್ಟುಬಿಟ್ಟೆ. ಮತ್ತೆ ಮಾಡಿದೆ, ಮತ್ತೆ ಇಟ್ಟೆ. ಹಳೇ ಕಾರು ಮಾರಿ ಬದುಕಿದವನ ಮಾತನ್ನು ಆರು ವರ್ಷ ಬೇರೆ ಇದ್ದ ಹೆಂಡತಿ ಯಾಕೆ ಕೇಳಬೇಕು? ಅದಕ್ಕೇ ನಾಳೆ ಬೆಳಿಗ್ಗೆ ತಲುಪಿಸುವ ಕೊರಿಯರ್‌ಗೆ ಈ ಕಾಗದ ಕೊಡುತ್ತಿದ್ದೇನೆ. ಇದು ನಮ್ಮಿಬ್ಬರ ವಿಷಯವಲ್ಲ, ಓರಿನ್ ಬ್ಯಾಸ್ಕಮ್‌ನ ವಿಷಯ. ಈಗ ಕೂತು ಓದುತ್ತೀಯ, ನನಗೆ ಗೊತ್ತು.

ನಿನ್ನ ಅಡುಗೆಮನೆಯಲ್ಲಿ ತಟ್ಟೆಗಿಂತ ಅಗಲದ ಹಂದಿಮಾಂಸದ ಸ್ಯಾಂಡ್‌ವಿಚ್ ತಿನ್ನುತ್ತ ವ್ಯಾಕರಣ ಹೇಳಿಸಿಕೊಂಡ ಹುಡುಗನಿಗೆ ಈಗ ಇಪ್ಪತ್ತೊಂದು ವರ್ಷ, ಆರಡಿ ಒಂಬತ್ತು ಅಂಗುಲ. ಕಳೆದ ತಿಂಗಳು ಬ್ಯಾಸ್ಕೆಟ್‌ಬಾಲ್ ತಂಡಗಳೆಲ್ಲ ಸರದಿಯ ಮೇಲೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್ ನಡೆಯಿತಲ್ಲ, ಅವತ್ತು ನಮ್ಮ ತಂಡ ಅವನ ಹೆಸರು ಕೂಗಿತು. ಕೂಗಿದ್ದು ಮೇಲಿನವರು, ಕೂಗಿಸಿದ್ದು ನಾನು. ನಿಮ್ಮ ಊರಿನ ಚರ್ಚಿನಲ್ಲಿ ಅವತ್ತು ಗಂಟೆ ಬಾರಿಸಿದರಂತೆ. ಕರಾರಿಗೆ ಮಾತ್ರ ಇನ್ನೂ ಸಹಿ ಬಿದ್ದಿಲ್ಲ. ಬರುವ ಸೋಮವಾರ ಬೀಳಬೇಕು. ಅದಕ್ಕೆ ಮೊದಲು ಇಲ್ಲಿ ಹೊಸಬರ ಬೇಸಿಗೆ ಪಂದ್ಯಗಳು, ಅವನ ಸರದಿ ಶನಿವಾರ. ಅವನನ್ನು ನೋಡಿ, ಮೂರು ವರ್ಷದಲ್ಲಿ ಏನಾಗುತ್ತಾನೆ ಎಂದು ಬರೆದುಕೊಡುವುದು ನನ್ನ ಕೆಲಸ.

ನಾನು ಚೆಂಡನ್ನು ನೋಡುವುದಿಲ್ಲ ಎಂದು ನೀನು ನಗುತ್ತಿದ್ದೆ. ಈಗಲೂ ನೋಡುವುದಿಲ್ಲ. ಚೆಂಡು ಎಲ್ಲರನ್ನೂ ಚೆಂದ ಮಾಡಿ ತೋರಿಸುತ್ತದೆ. ನಾನು ಪಾದ ನೋಡುತ್ತೇನೆ. ಬೆಂಚಿನ ಮೇಲೆ ಕೂತವನು ಯಾರ ಕಡೆ ವಾಲುತ್ತಾನೆ, ಬೈಸಿಕೊಂಡ ಮೇಲೆ ಊಟ ಎಷ್ಟು ಸೇರುತ್ತದೆ, ನೆಲ ಒರೆಸುವವಳಿಗೆ ದಾರಿ ಬಿಡುತ್ತಾನೋ ಇಲ್ಲವೋ, ಇವೆಲ್ಲ ನನಗೆ ಲಾಭ ನಷ್ಟದ ಬಾಬತ್ತುಗಳು. ಓರಿನ್‌ನ ಲಾಭದ ಕಡೆ ಜಾಗವೇ ಸಾಲದು. ಎರಡೂ ಕೈ ಒಂದೇ ಸಮ. ಕಿವಿ ಚುರುಕು, ಹಿಂದಿನಿಂದ ಬರುವವನ ಹೆಜ್ಜೆ ಕೇಳಿಸಿಕೊಳ್ಳುತ್ತಾನೆ. ಗೆದ್ದಾಗ ಕುಣಿಯುವುದಿಲ್ಲ.

ಇದೆಲ್ಲಕ್ಕಿಂತ ದೊಡ್ಡ ಲಾಭವೆಂದು ನಾವೆಲ್ಲ ಹಿಡಿದದ್ದು ಅವನು ನಿಂತುಬಿಡುವುದನ್ನು. ಈ ತುದಿಯಿಂದ ಆ ತುದಿಗೆ ಬಿರುಸಾಗಿ ಓಡಿ, ಚೆಂಡನ್ನು ಸೊಂಟಕ್ಕೆ ಒತ್ತಿಕೊಂಡು, ತಲೆ ತುಸು ತಗ್ಗಿಸಿ ನಿಲ್ಲುತ್ತಾನೆ. ಎರಡು ಉಸಿರಿನಷ್ಟು ಹೊತ್ತು. ಇವನು ಏನೋ ಹೂಡುತ್ತಿದ್ದಾನೆ ಎಂದು ಹೆದರಿ ಎದುರಾಳಿಯೂ ನಿಲ್ಲುತ್ತಾನೆ. ನಮ್ಮ ಕಸುಬಿನವರು ಇಂಥದ್ದಕ್ಕೆ ಜೊಲ್ಲು ಸುರಿಸುತ್ತಾರೆ. ಓಡುವ ಹುಡುಗರು ಸಾವಿರ ಸಿಗುತ್ತಾರೆ, ನಿಲ್ಲುವವರು ಎಲ್ಲಿದ್ದಾರೆ? ಆಟವನ್ನೇ ಕಾಯಿಸುವ ಹುಡುಗ ಎಂದು ನಾನು ಮೇಜು ಗುದ್ದಿ ಮಾತಾಡಿದ್ದೆ.

ಮೊನ್ನೆ ಸೋಮವಾರದ ಅಭ್ಯಾಸದಲ್ಲೂ ಹಾಗೇ ನಿಂತ. ನೀರು ಕುಡಿಯಲು ಬಂದವನು ನನ್ನ ಪಕ್ಕ ಕೂತು ತಲೆಯೆತ್ತಿ ಚಾವಣಿ ನೋಡುತ್ತ ಕೇಳಿದ, “ಪೂಲ್ ಸರ್, ಇಷ್ಟ್ ದೊಡ್ ಕಟ್ಟಡ, ಇಲ್ಲೂ ಲೈಟು ಹಂಗೇ ಮಂಕಾಗುತ್ತಾ?”

“ಯಾವ ಲೈಟೋ?”

“ಈಗ ಆಯ್ತಲ್ಲ ಸರ್. ಎಲ್ಲಾ ಒಂದ್ಸಲ ಕಂದುಬಣ್ಣ ಆಗ್ಬಿಟ್ಟು ಆಮೇಲೆ ಬಂತಲ್ಲ. ನಮ್ಮೂರ್ ಶಾಲೇಲಿ ವೈರಿಂಗ್ ಹಳೇದು, ಹಂಗಾಗ್ತಿತ್ತು. ಕಾಲೇಜಲ್ಲೂ ಆಗ್ತಿತ್ತು. ಇಲ್ಲಾದ್ರೂ ಸರಿ ಇರುತ್ತೆ ಅಂದ್ಕೊಂಡಿದ್ದೆ.”

ದೀಪಗಳು ಒಂದೂ ಮಿಣುಕಿರಲಿಲ್ಲ ನಡೀನ್. ನಾನು ಅಲ್ಲೇ ಇದ್ದೆ. ನಿನ್ನ ಶಾಲೆಯ ದೀಪ ಎಂದಾದರೂ ಹಾಗೆ ಮಂಕಾಗಿದ್ದುಂಟೇ? ನೀನು ಅಲ್ಲಿ ಇಪ್ಪತ್ತು ವರ್ಷ ಹೆಣ್ಣುಮಕ್ಕಳಿಗೆ ಆಟ ಕಲಿಸಿದವಳು. ಹೇಳು.

ಅವತ್ತಿನಿಂದ ಅವನನ್ನು ಬೇರೆ ಕಣ್ಣಿನಿಂದ ನೋಡುತ್ತಿದ್ದೇನೆ. ನಿಂತಾಗ ಅವನ ತುಟಿಯ ಬಣ್ಣ ಇಳಿಯುತ್ತದೆ. ಚೆಂಡನ್ನು ಸೊಂಟಕ್ಕೆ ಒತ್ತುವುದು ಉಪಾಯವಲ್ಲ, ಆಸರೆ. ಇಷ್ಟು ಜನ ಪರಿಣತರು ದುಡ್ಡು ತಗೊಂಡು ಈ ದೇಶದ ಮೂಲೆ ಮೂಲೆಯಿಂದ ಬಂದು, ಒಬ್ಬ ಹುಡುಗ ಕಣ್ಣು ಕತ್ತಲೆಗಟ್ಟಿ ನಿಲ್ಲುವುದನ್ನು ನೋಡಿ, ಆಹಾ ಏನು ತಾಳ್ಮೆ ಎಂದು ಬರೆದುಕೊಂಡೆವು.

ಮಂಗಳವಾರ ಅವನನ್ನು ಊಟಕ್ಕೆ ಕರೆದುಕೊಂಡು ಹೋದೆ. ನಿಮ್ಮನೇಲಿ ಯಾರಿಗಾದರೂ ಹೀಗೆ ಇತ್ತೇನೋ ಎಂದೆ. “ನಮ್ಮಮ್ಮನ ತಮ್ಮ ಕಲ್ಲು ಕ್ವಾರಿ ನೀರಲ್ಲಿ ಮುಳುಗಿ ಹೋಗ್ಬಿಟ್ರು ಸರ್, ನಾನಿನ್ನೂ ಹುಟ್ಟಿರ್ಲಿಲ್ಲ. ಮೀನ್ ಥರ ಈಜೋರಂತೆ. ಅಮ್ಮ ಅದರ ಮಾತೇ ಎತ್ತಲ್ಲ.” ಹೇಳಿ ಬಟಾಣಿ ಬದಿಗೆ ತಳ್ಳಿದ. ಮೀನಿನಂತೆ ಈಜುವವನು ನಿಂತ ನೀರಿನಲ್ಲಿ, ಹಾಡುಹಗಲಿನಲ್ಲಿ ಹೇಗೆ ಮುಳುಗಿದ? ಕೂಗಿದನೇ? ಕೈ ಬೀಸಿದನೇ? ನಿನಗೆ ಗೊತ್ತಿದ್ದೀತು, ನೀನು ಆ ಊರಿನವಳು.

ಪಂದ್ಯಕ್ಕೆ ಇಳಿಯಬೇಡ, ದೊಡ್ಡ ಡಾಕ್ಟರಿಗೆ ತೋರಿಸೋಣ ಎಂದೆ. ಮೊದಲು ನಕ್ಕ. ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ ಅಷ್ಟೇ ಎಂದ. ನಾನು ನಗದಿದ್ದದ್ದು ನೋಡಿ ಅವನ ದನಿ ಸಣ್ಣಗಾಯಿತು. “ಬರೀಬೇಡಿ ಸರ್. ನೀವು ಬರೆದ್ರೆ ಎಲ್ಲಾ ತಂಡದೋರೂ ಓದ್ತಾರೆ. ಆಮೇಲೆ ನಾನು ಕೋಳಿ ಫ್ಯಾಕ್ಟ್ರೀಲಿ ರೆಕ್ಕೆ ಕತ್ತರಿಸ್ಬೇಕು. ನಂಗೆ ಬೇರೆ ಏನ್ ಬರುತ್ತೆ ಹೇಳಿ?” ಊಟದ ದುಡ್ಡು ಕೊಟ್ಟು ಅವನನ್ನು ಕೋಣೆಗೆ ಬಿಟ್ಟು ಬಂದೆ.

ನಿನ್ನೆ ನಮ್ಮ ಮುಖ್ಯಸ್ಥ ಕರ್ಟಿಸ್ ಬ್ರೌಡರ್‌ನ ಕೋಣೆಗೆ ಹೋದೆ. ಅವನು ಬೂಟು ಕಟ್ಟಿಕೊಳ್ಳುತ್ತಲೇ ಕೇಳಿಸಿಕೊಂಡ. “ಲೋ ವಿಲ್ಲರ್ಡ್, ಈ ಗಾಡೀನ ನಂಗೆ ಮಾರಿದ್ದೇ ನೀನು. ಈಗ ಬಂದು ಇಂಜಿನ್ ಕೆಮ್ಮುತ್ತೆ ಅಂತೀಯಲ್ಲ?”

“ಕೆಮ್ಮಲ್ಲ ಕರ್ಟಿಸ್, ಆಫ್ ಆಗುತ್ತೆ.”

“ಡಾಕ್ಟ್ರು ಎದೆಯ ಇಸಿಜಿ ತೆಗೆದು ನೋಡಿದಾರೆ. ಕ್ಲೀನ್ ಅಂದಿದಾರೆ.”

“ಮಂಚದ ಮೇಲೆ ಮಲಗಿಸಿ ನೋಡಿದಾರೆ. ಅವನು ಮಲಗಿ ಆಡಲ್ಲ.”

ಕರ್ಟಿಸ್ ನಕ್ಕ. ಕೆಟ್ಟವನೇನಲ್ಲ, ನಮ್ಮ ಮಗಳ ಮದುವೆಗೆ ಬಂದವನು. “ಸರಿ ಬಿಡು, ಶನಿವಾರದ ಆಟ ಮುಗೀಲಿ, ಯೋಚ್ನೆ ಮಾಡೋಣ” ಎಂದು ಹೆಗಲು ತಟ್ಟಿ ಕಳಿಸಿದ. ಆ ತಟ್ಟುವ ಕೈ ನನಗೆ ಗೊತ್ತು. ಗಿರಾಕಿ ಅಂಗಡಿಯಿಂದ ಹೊರಗೆ ಹೋಗಲಿ ಎಂದು ನಾನೂ ಹಾಗೇ ತಟ್ಟುತ್ತಿದ್ದೆ.

ಅಲ್ಲಿಂದ ಬಂದು ಓರಿನ್‌ನ ತಾಯಿ ಅರ್ಲೀನ್‌ಗೆ ಫೋನ್ ಮಾಡಿದೆ. ನಿನ್ನ ತಮ್ಮ ಹೇಗೆ ಹೋದ ಎಂದು ಕೇಳಿದ್ದೇ ತಡ, ಆಕೆ ಕಿಡಿಯಾದಳು. “ಸೋಮವಾರ ಸಹಿ, ಬುಧವಾರ ನಿಮ್ಗೆ ನನ್ ತಮ್ಮ ನೆನಪಾದ್ನಾ? ನನ್ ಮಗನ ಬೆಲೆ ಇಳಿಸೋಕೆ ಸತ್ತೋನ್ನ ಎಳ್ಕೊಂಡ್ ಬರ್ತೀರಾ?” ಎಂದು ಇಟ್ಟುಬಿಟ್ಟಳು. ಬೇರೆ ತಂಡದವನು ನಮ್ಮ ಮಗಳ ಬಗ್ಗೆ ಹಾಗೆ ಕೇಳಿದ್ದರೆ ನಾನೂ ಅದನ್ನೇ ಅನ್ನುತ್ತಿದ್ದೆ.

ಆದ್ದರಿಂದ ನೀನು. ಅರ್ಲೀನ್ ನಿನ್ನನ್ನು ನಂಬುತ್ತಾಳೆ. ಈ ಕಾಗದ ಕೈಗೆ ಬಂದ ಕೂಡಲೇ ಅವಳ ಮನೆಗೆ ಹೋಗು. ನಾನು ಕಳಿಸಿದೆ ಎನ್ನಬೇಡ. ತಮ್ಮನಿಗೂ ಬೆಳಕು ಮಂಕಾಗುತ್ತಿತ್ತೇ ಎಂದು ಕೇಳು. ಅವಳು ಸುಮ್ಮನಾದರೆ ಅದೇ ಉತ್ತರ. ಆಗ ಇಬ್ಬರೂ ಕೂತು ಓರಿನ್‌ಗೆ ಫೋನ್ ಮಾಡಿ ಶನಿವಾರ ಅಂಗಳಕ್ಕೆ ಕಾಲಿಡಬೇಡ ಎನ್ನಿ. ನನ್ನ ಮಾತು ಅವನಿಗೆ ಕಂಪನಿಯ ಮಾತು. ನಡೀನ್ ಮಿಸ್ ಹೇಳಿದರೆ ಅವನು ಇವತ್ತಿಗೂ ಟೋಪಿ ತೆಗೆದು ಕೇಳುತ್ತಾನೆ.

ಮೂರು ವರ್ಷದಲ್ಲಿ ಏನಾಗುತ್ತಾನೆ ಎಂಬ ಪ್ರಶ್ನೆಗೆ ಇವತ್ತು ಬೆಳಿಗ್ಗೆ ಉತ್ತರ ಬರೆದು ಕರ್ಟಿಸ್‌ನ ಬಾಗಿಲ ಕೆಳಗೆ ತಳ್ಳಿ ಬಂದಿದ್ದೇನೆ. ಒಂದೇ ಸಾಲು: ಆಡದಿದ್ದರೆ ಇಪ್ಪತ್ತನಾಲ್ಕು ವರ್ಷದವನಾಗುತ್ತಾನೆ.

ಕಾಗದಪತ್ರದ ಲೆಕ್ಕದಲ್ಲಿ ಇನ್ನೂ ನಿನ್ನ ಗಂಡನಾಗಿರುವ,
ವಿಲ್ಲರ್ಡ್ ಪೂಲ್

ಮ.ವಿ.: ಲಕೋಟೆ ಅಂಟಿಸುವಷ್ಟರಲ್ಲಿ ಕರ್ಟಿಸ್ ಬಾಗಿಲು ಬಡಿದ. ನನ್ನ ಸಾಲು ಓದಿದ್ದಾನೆ, ನಂಬಿಯೂ ಇದ್ದಾನೆ. ನಾನು ಲೆಕ್ಕ ಹಾಕದೆ ಬಿಟ್ಟದ್ದು ಅದೊಂದನ್ನೇ. “ನೀನ್ ಹೇಳಿದ್ದು ಸರಿ ಕಣೋ. ಏನಾದ್ರೂ ಇದ್ರೆ ಸಹಿಗಿಂತ ಮುಂಚೆ ಗೊತ್ತಾಗ್ಲಿ” ಎಂದ. ಇವತ್ತು ಮಧ್ಯಾಹ್ನದ ಪಂದ್ಯದಲ್ಲೇ ಓರಿನ್‌ನನ್ನು ಇಳಿಸುತ್ತಾರೆ, ಕೊನೆಯವರೆಗೆ ಬೆಂಚಿಗೆ ಕರೆಯುವುದಿಲ್ಲ. ಹುಡುಗ ಖುಷಿಯಿಂದ ಕುಣಿದನಂತೆ. ಒಳಗೆ ಹೋಗುವ ನನ್ನ ಪಾಸನ್ನು ಕರ್ಟಿಸ್ ಇಸಿದುಕೊಂಡು ಹೋದ. ಟಿಕೆಟ್ ತಗೊಂಡು ಹೋಗುತ್ತೇನೆ, ಅವನು ನಿಂತದ್ದು ಕಂಡರೆ ಅಡ್ಡಗಂಬಿ ಹಾರಿ ಒಳಗೆ ಇಳಿಯುತ್ತೇನೆ. ನೀನು ಮಾತ್ರ ನಾಳೆ ಅರ್ಲೀನ್ ಮನೆಗೆ ಹೇಗೂ ಹೋಗು. ಅಲ್ಲಿ ಏನು ಹೇಳಲು ಹೋಗುತ್ತಿರುತ್ತೀ ಎಂಬುದು ಈಗ ನನಗೆ ಗೊತ್ತಿಲ್ಲ.